ಸೂರ್ಯಾಸ್ತದ ಹೊತ್ತಿಗೆ ತಿಮಿಂಗಿಲ ನೋಡಲು ಅಮ್ಮನನ್ನು ಯಾಟ್‌ನಲ್ಲಿ ಕರೆದೊಯ್ಯಬಹುದೇ?

ಪ್ರಶ್ನೆ: ನಾನು ಅಮೆರಿಕದ ಸ್ಯಾನ್ ಹೋಸೆಯಲ್ಲಿ ಕೆಲಸದಲ್ಲಿದ್ದೇನೆ. ಹಾಸನದಿಂದ ಅಪ್ಪ ಅಮ್ಮ ಬಂದಿದ್ದಾರೆ. ಫೆಬ್ರವರಿ ಎರಡನೆಯ ವಾರದಲ್ಲಿ ನಾವು ಐದೂ ಜನ ಹವಾಯಿಯ ಮಾವಿ ದ್ವೀಪಕ್ಕೆ ಐದು ದಿನಗಳ ಮಟ್ಟಿಗೆ ಹೋಗುತ್ತಿದ್ದೇವೆ. ಅಪ್ಪನಿಗೆ ಅಲ್ಲಿಯೇ 70 ತುಂಬುತ್ತದೆ. ಆ ಸಂಜೆ ಸೂರ್ಯಾಸ್ತದ ಹೊತ್ತಿಗೆ ತಿಮಿಂಗಿಲಗಳನ್ನು ತೋರಿಸುವ, ಆರೇ ಜನ ಕೂರುವ ಯಾಟ್ ಒಂದನ್ನು ಗೊತ್ತುಮಾಡಬೇಕೆಂದಿದ್ದೇನೆ. ಅಮ್ಮನಿಗೆ 66 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಶಿರಾಡಿ ಘಾಟಿ ಇಳಿಯುವಾಗ ಪ್ರತಿ ಸಲವೂ ವಾಂತಿ ಮಾಡಿಕೊಳ್ಳುತ್ತಾರೆ. ಆರು ವರ್ಷದ ಮಗ ತಿಮಿಂಗಿಲಗಳು ಯಾಟ್ ಮುರಿದು ಮುಳುಗಿಸಿದ ವಿಡಿಯೊ ನೋಡಿ ಹೆದರಿದ್ದಾನೆ. ಸಂಜೆಯ ಮಬ್ಬಿನಲ್ಲಿ ಏನಾದರೂ ಕಂಡೀತೇ ಎಂಬುದು ಹೆಂಡತಿಯ ಅನುಮಾನ. ಅಮ್ಮ ಕೇಳಿದ್ದು ಬೇರೆಯದೇ: "ಅವು ಅಲ್ಲಿಗೆ ಹೆರಿಗೆಗೆ ಬರುತ್ತವಂತೆ. ಬಾಣಂತಿ ಕೋಣೆಗೆ ಗುಂಪು ಕಟ್ಟಿಕೊಂಡು ನುಗ್ಗಿದ ಹಾಗಾಗುವುದಿಲ್ಲವೇನೋ?" ನನಗೆ ಉತ್ತರ ಹೊಳೆಯಲಿಲ್ಲ. ಬುಕ್ ಮಾಡಲೇ, ಬಿಡಲೇ?

ಉತ್ತರ: ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರೊಳಗೆ ನಾಲ್ಕಿವೆ. ತಿಮಿಂಗಿಲದಿಂದ ದೋಣಿಗೆ ಅಪಾಯವಿದೆಯೇ, ತಾಯಿಯವರ ಹೊಟ್ಟೆ ಕಡಲನ್ನು ತಾಳಿಕೊಂಡೀತೇ, ಬೆಳಕು ಇಳಿಯುವ ಹೊತ್ತಿನಲ್ಲಿ ನೋಡಲು ಏನಾದರೂ ಸಿಕ್ಕೀತೇ, ಸಿಕ್ಕರೂ ನಾವು ಅಲ್ಲಿರುವುದು ಸರಿಯೇ. ನಾನು ಹೊನ್ನಾವರದ ಕಡೆಯವನು. ಕಡಲಜೀವಿಗಳ ಅಧ್ಯಯನ ಮುಗಿಸಿದ ಮೇಲೆ ಹನ್ನೊಂದು ಚಳಿಗಾಲ ಮಾವಿಯ ಪ್ರವಾಸಿ ದೋಣಿಗಳಲ್ಲಿ, ನೋಡಲು ಬಂದವರಿಗೆ ತಿಮಿಂಗಿಲಗಳ ಬಗ್ಗೆ ವಿವರಿಸುವ ಕೆಲಸ ಮಾಡಿದ್ದೇನೆ. ಬೆಳಗಿನ ಪ್ರಯಾಣ, ಮಧ್ಯಾಹ್ನದ ಪ್ರಯಾಣ, ಸೂರ್ಯಾಸ್ತದ ಪ್ರಯಾಣ ಮೂರರಲ್ಲೂ ನಿಂತಿದ್ದೇನೆ. ಆ ಅನುಭವದಿಂದ ಹೇಳುವುದಾದರೆ, ಸೂರ್ಯಾಸ್ತದ ಪ್ರಯಾಣ ಆಕಾಶವನ್ನು ನೋಡಲು ಹೇಳಿಮಾಡಿಸಿದ್ದು, ತಿಮಿಂಗಿಲವನ್ನು ನೋಡಲು ಎರಡನೆಯ ದರ್ಜೆಯದು. ನಿಮ್ಮ ತಾಯಿಯವರ ಮಟ್ಟಿಗಂತೂ ನೀವು ಆರಿಸಿಕೊಂಡಿರುವ ಹೊತ್ತೂ ದೋಣಿಯೂ ಎರಡೂ ಅನುಕೂಲವಲ್ಲ. ಹಾಗೆಂದು ಕಡಲಿಗೇ ಇಳಿಯಬೇಡಿ ಎಂದು ನಾನು ಹೇಳುವುದಿಲ್ಲ. ಫೆಬ್ರವರಿಯ ಮಾವಿಗೆ ಹೋಗಿ ತಿಮಿಂಗಿಲ ನೋಡದೆ ಬರುವುದು ದೊಡ್ಡ ನಷ್ಟ.

ಮೊದಲು ಮಗನ ಭಯವನ್ನು ತೆಗೆದುಕೊಳ್ಳೋಣ. ಅವನು ನೋಡಿದ ವಿಡಿಯೊ ಸುಳ್ಳಿರಲಾರದು, ಆದರೆ ಅದರಲ್ಲಿರುವ ಪ್ರಾಣಿಯೂ ಬೇರೆ, ಕಡಲೂ ಬೇರೆ. 2020ರಿಂದ ಈಚೆಗೆ ಸ್ಪೇನ್ ಮತ್ತು ಪೋರ್ಚುಗಲ್ ಕರಾವಳಿಯಲ್ಲಿ, ಅದರಲ್ಲೂ ಜಿಬ್ರಾಲ್ಟರ್ ಜಲಸಂಧಿಯ ಸುತ್ತಮುತ್ತ, ಓರ್ಕಾಗಳ ಒಂದು ಸಣ್ಣ ಗುಂಪು ಹಾಯಿದೋಣಿಗಳ ಚುಕ್ಕಾಣಿಗೆ ಗುದ್ದಿ ಮುರಿಯುವ ಚಾಳಿ ಹಚ್ಚಿಕೊಂಡಿದೆ. ಕೆಲವು ಯಾಟ್‌ಗಳು ಮುಳುಗಿಯೂ ಇವೆ. ಓರ್ಕಾ ಎಂಬುದು ಡಾಲ್ಫಿನ್ ಕುಟುಂಬಕ್ಕೆ ಸೇರಿದ, ಹಲ್ಲುಗಳಿರುವ ಬೇಟೆಪ್ರಾಣಿ. ಮಾವಿಯಲ್ಲಿ ನೀವು ನೋಡುವುದು ಹಂಪ್‌ಬ್ಯಾಕ್, ಅಂದರೆ ಗೂನುಬೆನ್ನಿನ ತಿಮಿಂಗಿಲ. ಹವಾಯಿಯ ಜನ ಅದನ್ನು ಕೊಹೊಲಾ ಎನ್ನುತ್ತಾರೆ. ಅದಕ್ಕೆ ಹಲ್ಲಿಲ್ಲ, ಬಾಯಲ್ಲಿರುವುದು ಸಣ್ಣ ಮೀನು ಮತ್ತು ಸಿಗಡಿಯಂಥ ಜೀವಿಗಳನ್ನು ಸೋಸುವ ಜಾಲರಿ ಪಟ್ಟಿಗಳು. ಗಂಟಲು ಎಷ್ಟು ಕಿರಿದೆಂದರೆ ನಿಮ್ಮ ಮಗನನ್ನು ನುಂಗಲು ಅದು ಬಯಸಿದರೂ ಆಗದು. ಇದನ್ನು ಅವನಿಗೆ ಹೀಗೆಯೇ ಹೇಳಿ. ಮಕ್ಕಳಿಗೆ 'ಹೆದರಬೇಡ' ಎನ್ನುವುದಕ್ಕಿಂತ ಗಂಟಲಿನ ಅಳತೆ ಹೇಳಿದರೆ ಬೇಗ ಧೈರ್ಯ ಬರುವುದನ್ನು ದೋಣಿಯಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಹಂಪ್‌ಬ್ಯಾಕ್‌ನಿಂದ ಅಪಾಯವೇ ಇಲ್ಲವೆಂದು ಇದರ ಅರ್ಥವಲ್ಲ. 2024ರ ಜುಲೈನಲ್ಲಿ ಅಮೆರಿಕದ ಪೂರ್ವ ಕರಾವಳಿಯ ನ್ಯೂ ಹ್ಯಾಂಪ್‌ಶೈರ್ ಬಳಿ ಮೇಲಕ್ಕೆ ಚಿಮ್ಮಿದ ತಿಮಿಂಗಿಲವೊಂದು ಮೀನು ಹಿಡಿಯುವ ಸಣ್ಣ ದೋಣಿಯ ಹಿಂಭಾಗದ ಮೇಲೆಯೇ ಬಿದ್ದು ದೋಣಿ ಮಗುಚಿತು. ಅದರಲ್ಲಿದ್ದ ಇಬ್ಬರು ನೀರಿಗೆ ಬಿದ್ದು ಬದುಕಿಕೊಂಡರು. ಅದು ಮೀನಿನ ಹಿಂಡನ್ನು ಮೇಯುವ ಜಾಗ, ಮೇಯುವ ಕಾಲ. ಬಾಯಿ ತೆರೆದು ಕೆಳಗಿನಿಂದ ನುಗ್ಗಿ ಬರುವ ತಿಮಿಂಗಿಲ ಮೇಲೇನಿದೆ ಎಂದು ನೋಡುವುದಿಲ್ಲ. ಮಾವಿಯಲ್ಲಿ ಅವು ಮೇಯುವುದಿಲ್ಲವಾದ್ದರಿಂದ ಆ ಬಗೆಯ ನುಗ್ಗುವಿಕೆ ಅಲ್ಲಿಲ್ಲ. ಆದರೆ 12ರಿಂದ 15 ಮೀಟರ್ ಉದ್ದದ, ಮೂವತ್ತು ಟನ್ ಮೀರಿದ ದೇಹ ನೀರಿನಿಂದ ಎದ್ದು ಬೀಳುವುದು ಅಲ್ಲಿಯೂ ದಿನನಿತ್ಯದ ಸಂಗತಿ. ಆಗ ನಿಮ್ಮನ್ನು ಕಾಪಾಡುವುದು ದೂರವೊಂದೇ. ಹವಾಯಿಯ ಕಡಲಿನಲ್ಲಿ ಹಂಪ್‌ಬ್ಯಾಕ್‌ಗೆ 100 ಗಜಕ್ಕಿಂತ, ಅಂದರೆ ಸುಮಾರು 91 ಮೀಟರಿಗಿಂತ, ಹತ್ತಿರ ದೋಣಿ ಒಯ್ಯುವುದು ಕಾನೂನುಬಾಹಿರ. ಅದು ಹೋಗುತ್ತಿರುವ ದಾರಿಗೆ ಮುಂಚಿತವಾಗಿ ಓಡಿ ಅಡ್ಡ ನಿಂತು 'ತಾನಾಗಿ ಬಂತು' ಎನ್ನುವುದಕ್ಕೂ ಅವಕಾಶವಿಲ್ಲ. ತಿಮಿಂಗಿಲ ನಿಜವಾಗಿಯೂ ತಾನಾಗಿ ಬಂದರೆ ಕ್ಯಾಪ್ಟನ್ ಗೇರು ಬಿಡಿಸಿ ದೋಣಿಯನ್ನು ಸುಮ್ಮನೆ ತೇಲಲು ಬಿಡಬೇಕು. ಹತ್ತಿರ ಕರೆದೊಯ್ಯುತ್ತೇವೆ ಎಂದು ಆಸೆ ತೋರಿಸುವ ದೋಣಿಯವರನ್ನು ಕಂಡರೆ ಅಲ್ಲಿಂದ ಎದ್ದುಬಿಡಿ.

ಈಗ ತಾಯಿಯವರ ಪ್ರಶ್ನೆ. ಹನ್ನೊಂದು ವರ್ಷಗಳಲ್ಲಿ ಸಾವಿರಾರು ಜನ ನನ್ನನ್ನು ಏನೇನೋ ಕೇಳಿದ್ದಾರೆ, ಇಷ್ಟು ನೇರವಾಗಿ ಇದನ್ನು ಕೇಳಿದವರು ಬಹಳ ಕಡಿಮೆ. ಅವರು ಹೇಳಿದ್ದು ಅಕ್ಷರಶಃ ನಿಜ. ಈ ತಿಮಿಂಗಿಲಗಳು ಬೇಸಿಗೆಯೆಲ್ಲ ಅಲಾಸ್ಕಾದ ತಣ್ಣನೆಯ ಕಡಲಿನಲ್ಲಿ ಮೇಯುತ್ತವೆ. ಚಳಿಗಾಲಕ್ಕೆ ಸುಮಾರು 4,800 ಕಿಲೋಮೀಟರ್ ಈಜಿ ಹವಾಯಿಗೆ ಬರುತ್ತವೆ. ಬಹುಪಾಲು ತಾವು ಹುಟ್ಟಿದ ಕಡಲಿಗೇ ಮರಳಿ ಬರುವುದರಿಂದ ಹೆಣ್ಣುಗಳ ಮಟ್ಟಿಗೆ ಇದು ತವರಿಗೆ ಬಂದಂತೆಯೇ. ಮಾವಿ, ಲಾನಾಯ್, ಮೊಲೊಕಾಯ್, ಕಹೋಲಾವೆ ಎಂಬ ನಾಲ್ಕು ದ್ವೀಪಗಳು ಹಿಮಯುಗದಲ್ಲಿ ಕಡಲಮಟ್ಟ ಇಳಿದಿದ್ದಾಗ ಒಂದೇ ನೆಲವಾಗಿದ್ದವು. ಅವುಗಳ ನಡುವೆ ಈಗಿರುವ ನೀರು ಬೆಚ್ಚಗಿನದು, ಆಳವಿಲ್ಲದ್ದು. ಹಾಗಾಗಿಯೇ ಮರಿಯಿರುವ ತಾಯಂದಿರು ಅಲ್ಲಿ ಸೇರುತ್ತವೆ. ಹುಟ್ಟುವ ಮರಿಯೇ ನಾಲ್ಕು ಮೀಟರಿಗಿಂತ ಉದ್ದ. ತವರಿನ ಹೋಲಿಕೆ ಮಾತ್ರ ಇಲ್ಲಿಗೆ ನಿಲ್ಲುತ್ತದೆ. ನಮ್ಮಲ್ಲಿ ಬಾಣಂತಿಗೆ ತುಪ್ಪದನ್ನ, ಮೆಣಸಿನ ಸಾರು, ಬೆಚ್ಚನೆಯ ಹಾಸಿಗೆ ಸಿಗುತ್ತದೆ. ಕೊಹೊಲಾ ತಾಯಿಗೆ ಅಲ್ಲಿ ತಿನ್ನಲು ಹೇಳಿಕೊಳ್ಳುವಂಥದ್ದೇನೂ ಸಿಗದು. ಅಲಾಸ್ಕಾದಲ್ಲಿ ಕೂಡಿಟ್ಟ ಕೊಬ್ಬನ್ನೇ ಕರಗಿಸಿ, ಗಟ್ಟಿ ಹಾಲು ಮಾಡಿ ಮರಿಗೆ ಕುಡಿಸುತ್ತ, ತಿಂಗಳುಗಟ್ಟಲೆ ಉಪವಾಸವಿದ್ದು, ತನ್ನ ತೂಕದ ಮೂರನೆಯ ಒಂದು ಭಾಗದವರೆಗೆ ಕಳೆದುಕೊಂಡು ವಾಪಸು ಈಜುತ್ತದೆ.

ಆದ್ದರಿಂದ ಆ ತಾಯಿಗೆ ಅಲ್ಲಿ ಬೇಕಾಗಿರುವುದು ವಿಶ್ರಾಂತಿ, ನಾವು ಕೆಡಿಸಬಹುದಾದದ್ದೂ ಅದನ್ನೇ. ಆಸ್ಟ್ರೇಲಿಯಾದ ಎಕ್ಸ್‌ಮೌತ್ ಕೊಲ್ಲಿಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮರಿಯೊಂದಿಗೆ ಮಲಗಿದ್ದ ಹಂಪ್‌ಬ್ಯಾಕ್ ತಾಯಂದಿರಿಗೆ 100 ಮೀಟರ್ ದೂರದಿಂದ ಬೇರೆ ಬೇರೆ ಮಟ್ಟದ ದೋಣಿಯ ಸದ್ದನ್ನು ಕೇಳಿಸಿ ನೋಡಿದರು. ಮೆಲ್ಲನೆಯ ಸದ್ದಿಗೆ ಅವು ಅಲುಗಲಿಲ್ಲ. ಜೋರು ಸದ್ದಿಗೆ ಅವುಗಳ ವಿಶ್ರಾಂತಿಯ ಸಮಯ ಶೇ 30ರಷ್ಟು ಇಳಿಯಿತು, ಉಸಿರಾಟ ಎರಡು ಪಟ್ಟಾಯಿತು, ಈಜುವ ವೇಗ ಶೇ 37ರಷ್ಟು ಏರಿತು. ನಿಗದಿತ ದೂರದಲ್ಲಿ ನಿಂತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ, ಯಾವ ದೋಣಿ ಹೇಗೆ ನಿಂತಿದೆ ಎಂಬುದೂ ಅಷ್ಟೇ ಮುಖ್ಯ ಎಂದು ಇದರಿಂದ ತಿಳಿಯುತ್ತದೆ. ನಿಮ್ಮ ತಾಯಿಯವರಿಗೆ ನಾನು ಕೊಡುವ ಉತ್ತರ ಇಷ್ಟು: ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ದನಿ ತಗ್ಗಿಸಿ, ಸ್ವಲ್ಪ ಹೊತ್ತು ಕೂತು ಎದ್ದು ಬರುವ ನೆಂಟರೂ ಇರುತ್ತಾರೆ. ಅಂಥ ದೋಣಿಯಲ್ಲಿ ಹೋದರೆ ಕೋಣೆಗೆ ನುಗ್ಗಿದಂತಾಗುವುದಿಲ್ಲ. ಜನ ಹೋಗಿ ನೋಡತೊಡಗಿದ್ದರಿಂದ ಈ ಪ್ರಾಣಿಗೆ ಒಳ್ಳೆಯದೂ ಆಗಿದೆ. 1960ರ ದಶಕದ ನಡುವೆ ಬೇಟೆ ನಿಲ್ಲುವ ಹೊತ್ತಿಗೆ ಇಡೀ ಉತ್ತರ ಪೆಸಿಫಿಕ್‌ನಲ್ಲಿ ಒಂದೆರಡು ಸಾವಿರವಷ್ಟೇ ಉಳಿದಿದ್ದವು. 1992ರಲ್ಲಿ ಹವಾಯಿಯ ಈ ನೀರು ಅವುಗಳಿಗಾಗಿಯೇ ರಾಷ್ಟ್ರೀಯ ಕಡಲಧಾಮವಾಯಿತು. 2012ರ ಹೊತ್ತಿಗೆ ಉತ್ತರ ಪೆಸಿಫಿಕ್‌ನಲ್ಲಿ 33,000 ದಾಟಿದ್ದ ಸಂಖ್ಯೆ, ಕಡಲು ವಿಪರೀತ ಬಿಸಿಯಾದ ವರ್ಷಗಳ ನಂತರ 2021ಕ್ಕೆ 27,000ದ ಒಳಗೆ ಇಳಿದಿದೆ. ಚೇತರಿಕೆ ಆಗಿದೆ, ಆದರೆ ಅದು ಗಟ್ಟಿಯಾಗಿ ನಿಂತಿಲ್ಲ.

ಸೂರ್ಯಾಸ್ತದ ಹೊತ್ತು ಬೇರೆಯೇ ಒಂದು ಲೆಕ್ಕ ಎನ್ನುವುದು ಇಲ್ಲಿಂದ ಮುಂದಿನ ಮಾತು. ಫೆಬ್ರವರಿಯ ನಡುವೆ ಮಾವಿಯಲ್ಲಿ ಸೂರ್ಯ ಮುಳುಗುವುದು ಆರೂವರೆಗೆ ಕೆಲವು ನಿಮಿಷ ಮೊದಲು. ಉಷ್ಣವಲಯವಾದ್ದರಿಂದ ನಮ್ಮೂರಿನಂತೆಯೇ ಮುಸ್ಸಂಜೆ ಬೇಗ ಮುಗಿದು, ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ನೀರು ಕಪ್ಪಾಗುತ್ತದೆ. ಎರಡು ಗಂಟೆಯ ಪ್ರಯಾಣವೆಂದರೆ ಬಂದರು ಬಿಡುವ, ಮರಳುವ ಸಮಯವನ್ನು ಕಳೆದು ನಿಮಗೆ ಒಳ್ಳೆಯ ಬೆಳಕಿನಲ್ಲಿ ಸಿಗುವುದು ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಅಷ್ಟರಲ್ಲಿ ತಿಮಿಂಗಿಲ ಕಾಣುವುದು ಫೆಬ್ರವರಿಯಲ್ಲಿ ಕಷ್ಟವೇನಲ್ಲ, ಕಾಣದಿದ್ದರೆ ಇನ್ನೊಮ್ಮೆ ಉಚಿತವಾಗಿ ಕರೆದೊಯ್ಯುತ್ತೇವೆ ಎಂದು ಅನೇಕ ದೋಣಿಗಳವರು ಮಾತು ಕೊಡುವುದು ಆ ಭರವಸೆಯಿಂದಲೇ. ಕಷ್ಟವಿರುವುದು ಸೂರ್ಯನ ಕಡೆಗಿನ ನೀರು ತಗಡಿನಂತೆ ಕೋರೈಸುವುದರಲ್ಲಿ. ಎಲ್ಲರೂ ಪಶ್ಚಿಮಕ್ಕೇ ಮುಖಮಾಡಿ ನಿಂತಿರುತ್ತಾರೆ. ಅತ್ತ ತಿಮಿಂಗಿಲದ ಮೈ ಕಾಣದೆ ಬರಿಯ ಕಪ್ಪು ಅಂಚು ಕಾಣುತ್ತದೆ. ಒಂದನ್ನು ಮಾತ್ರ ಆ ಬೆಳಕು ತುಂಬಿ ಕೊಡುತ್ತದೆ, ಅದು ಉಸಿರು. ಆಳಿನ ಎರಡು ಪಟ್ಟಿಗಿಂತ ಎತ್ತರಕ್ಕೆ ಏಳುವ ಆ ಉಸಿರಿನ ಹನಿಗಳು ಇಳಿಸೂರ್ಯನಿಗೆ ಎದುರಾಗಿ ಒಂದು ಕ್ಷಣ ಕೆಂಡದ ಬಣ್ಣಕ್ಕೆ ತಿರುಗಿ, ಗಾಳಿಗೆ ವಾಲಿ, ಕರಗುತ್ತವೆ. ಅದರ ಪಕ್ಕದಲ್ಲೇ ಕೆಲವು ಕ್ಷಣಗಳ ನಂತರ ಮೊಣಕಾಲೆತ್ತರದ ಇನ್ನೊಂದು ಸಣ್ಣ ಉಸಿರು ಎದ್ದರೆ ಅದು ಮರಿ. ಇದನ್ನು ನೋಡಿದ ಸಂಜೆಗಳನ್ನು ನಾನು ಮರೆತಿಲ್ಲ. ಮೈಯ ವಿವರ ನೋಡಬೇಕೆನ್ನುವವರು ಸೂರ್ಯನಿಗೆ ಬೆನ್ನು ಹಾಕಿ, ಮಾವಿಯ ಬೆಟ್ಟಗಳ ಕಡೆಗೆ ತಿರುಗಿ ನಿಲ್ಲಬೇಕು. ಹೊಂಬಣ್ಣ ಬೀಳುವುದು ಆ ಬದಿಯ ತಿಮಿಂಗಿಲದ ಮೇಲೆ.

ನನಗೆ ನಿಜವಾಗಿ ಚಿಂತೆ ಹುಟ್ಟಿಸುವುದು ಮರಳಿ ಬರುವ ದಾರಿ. ಒಂದು ಮಾರ್ಚ್ ಸಂಜೆ ನಾವು ಬಂದರಿಗೆ ಹಿಂತಿರುಗುತ್ತಿದ್ದೆವು. ಸೂರ್ಯ ಮುಳುಗಿ ಕಾಲು ಗಂಟೆಯಾಗಿತ್ತು, ನೀರಿಗೂ ಆಕಾಶಕ್ಕೂ ಒಂದೇ ಬೂದು ಬಣ್ಣ. ನಮ್ಮ ಕ್ಯಾಪ್ಟನ್ ಅಂಥ ಹೊತ್ತಿನಲ್ಲಿ ಏಳೆಂಟು ನಾಟ್‌ಗಿಂತ, ಅಂದರೆ ಗಂಟೆಗೆ ಹದಿಮೂರು ಹದಿನೈದು ಕಿಲೋಮೀಟರಿಗಿಂತ, ಹೆಚ್ಚು ವೇಗಕ್ಕೆ ಹೋಗುತ್ತಿರಲಿಲ್ಲ, ನನ್ನನ್ನು ದೋಣಿಯ ಮುಂತುದಿಯಲ್ಲಿ ಕಾವಲಿಗೆ ನಿಲ್ಲಿಸುತ್ತಿದ್ದರು. ನನಗೆ ಕಣ್ಣಿಗೇನೂ ಕಾಣಲಿಲ್ಲ. 'ಫುಸ್' ಎಂಬ ಸಣ್ಣ ಸದ್ದೊಂದು ಕೇಳಿ ಕೈಯೆತ್ತಿದೆ, ಎಂಜಿನ್ ನಿಂತಿತು. ಇಪ್ಪತ್ತೈದು ಮೂವತ್ತು ಮೀಟರ್ ಮುಂದೆ ಮರಿಯೊಂದರ ಬೆನ್ನು ಮೆಲ್ಲಗೆ ಉರುಳಿ ಒಳಗೆ ಹೋಯಿತು. ತಾಯಿ ಕೆಳಗೆಲ್ಲೋ ಮಲಗಿತ್ತು. ದೊಡ್ಡ ತಿಮಿಂಗಿಲ ಹತ್ತು ಹದಿನೈದು ನಿಮಿಷ ಉಸಿರು ಹಿಡಿಯಬಲ್ಲದು, ಮರಿ ಮೂರರಿಂದ ಐದು ನಿಮಿಷಕ್ಕೊಮ್ಮೆ ಒಂಟಿಯಾಗಿ ಮೇಲೆ ಬರಲೇಬೇಕು, ದೋಣಿಯನ್ನು ತಪ್ಪಿಸಿಕೊಳ್ಳುವ ಅಭ್ಯಾಸ ಅದಕ್ಕಿನ್ನೂ ಬಂದಿರುವುದಿಲ್ಲ. ಹವಾಯಿಯಲ್ಲಿ 1975ರಿಂದ 2011ರವರೆಗೆ ದಾಖಲಾದ 68 ಡಿಕ್ಕಿಗಳನ್ನು ಪರಿಶೀಲಿಸಿದಾಗ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪೆಟ್ಟು ತಿಂದದ್ದು ಮರಿಗಳು ಮತ್ತು ಎಳೆಯವು. ಡಿಕ್ಕಿಯಾದರೆ ದೋಣಿಯಲ್ಲಿ ನಿಂತವರೂ ಮುಗ್ಗರಿಸಿ ಬಿದ್ದು ಗಾಯಗೊಳ್ಳುತ್ತಾರೆ. ಹಾಗಾಗಿ ಸೂರ್ಯಾಸ್ತದ ಪ್ರಯಾಣಕ್ಕೆ ಹೊರಡುವವರು ದೋಣಿಯವರನ್ನು ಮೊದಲು ಕೇಳಬೇಕಾದದ್ದು ಊಟ ಏನು ಕೊಡುತ್ತೀರಿ ಎಂದಲ್ಲ, ಕತ್ತಲಾದ ಮೇಲೆ ಎಷ್ಟು ವೇಗದಲ್ಲಿ ಬರುತ್ತೀರಿ, ಮುಂದೆ ಕಾವಲಿಗೆ ಯಾರಿರುತ್ತಾರೆ ಎಂದು. ಎಂಜಿನ್ ಆರಿಸಿ ಹಾಯಿಯಲ್ಲಿ ಬರುತ್ತೇವೆ, ಆದ್ದರಿಂದ ತೊಂದರೆಯಿಲ್ಲ ಎಂಬ ಉತ್ತರ ಅರ್ಧ ಮಾತ್ರ ಸರಿ. ಸದ್ದಿಲ್ಲದ ಹಾಯಿದೋಣಿ ತಾಯಿಯ ನಿದ್ದೆ ಕೆಡಿಸುವುದಿಲ್ಲ ನಿಜ, ಆದರೆ ಅದು ಬರುತ್ತಿರುವುದು ಮರಿಗೆ ಗೊತ್ತೂ ಆಗುವುದಿಲ್ಲ.

ಗಾಳಿಯ ಮಾತಿಗೆ ಬಂದರೆ, ಮಾವಿಯ ಮೇಲೆ ವರ್ಷದ ಬಹುಪಾಲು ಈಶಾನ್ಯದ ವಾಣಿಜ್ಯ ಮಾರುತ ಬೀಸುತ್ತದೆ. ಬೆಳಿಗ್ಗೆ ಮೆತ್ತಗಿದ್ದು, ನೆಲ ಕಾದಂತೆ ಮಧ್ಯಾಹ್ನ ಬಲಗೊಳ್ಳುತ್ತದೆ. ಹಲೆಯಾಕಲಾ ಪರ್ವತಕ್ಕೂ ಪಶ್ಚಿಮ ಮಾವಿಯ ಬೆಟ್ಟಗಳಿಗೂ ನಡುವೆ ತಗ್ಗಿನ ನೆಲವೊಂದಿದೆ. ಗಾಳಿ ಅಲ್ಲಿ ಕೊಳವೆಯಲ್ಲಿ ನುಗ್ಗಿದಂತೆ ನುಗ್ಗಿ ಮಾಲಾಯಾ ಬಂದರಿನ ಮೇಲೆ ಬಂದು ಬೀಳುತ್ತದೆ. 2023ರ ಆಗಸ್ಟ್‌ನ ಬೆಂಕಿಯಲ್ಲಿ ಲಹೈನಾ ಪಟ್ಟಣ ಸುಟ್ಟು ಅಲ್ಲಿನ ಬಂದರೂ ಹಾಳಾದ ಮೇಲೆ ಪ್ರವಾಸಿ ದೋಣಿಗಳು ಹೆಚ್ಚಾಗಿ ಹೊರಡುವುದು ಈ ಮಾಲಾಯಾದಿಂದ, ಇಲ್ಲವೇ ಕಾನಾಪಾಲಿ ಕಡಲತೀರದಿಂದ. ಕಾನಾಪಾಲಿ ಬೆಟ್ಟದ ಮರೆಯಲ್ಲಿರುವುದರಿಂದ ಅಲ್ಲಿ ಸಂಜೆಯ ನೀರು ಎಷ್ಟೋ ಶಾಂತ. ಆದರೆ ಅಲ್ಲಿ ದೋಣಿ ಕಟ್ಟಿ ಜನ ಹತ್ತಿಳಿಯುವ ಧಕ್ಕೆಯೇ ಇಲ್ಲ. ದೋಣಿ ಮರಳಿಗೆ ಮೂತಿ ಕೊಟ್ಟು ನಿಲ್ಲುತ್ತದೆ, ನೀವು ಚಪ್ಪಲಿ ಕೈಯಲ್ಲಿ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಡೆದು ಏಣಿ ಹತ್ತಬೇಕು. ತೆರೆ ಬಂದಾಗ ಏಣಿ ಏರುತ್ತದೆ, ಇಳಿಯುತ್ತದೆ. ಸೀರೆಯುಟ್ಟ ಹಿರಿಯರೊಬ್ಬರು ಅಲ್ಲಿ ನೆರಿಗೆ ತೊಯ್ದು ಕಾಲಿಗೆ ಸುತ್ತಿಕೊಂಡು ತಡವರಿಸಿದ್ದನ್ನು ಕಂಡಿದ್ದೇನೆ, ನಾವಿಬ್ಬರು ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದರು. ರಾತ್ರಿ ಇಳಿಯುವಾಗ ಇದನ್ನೇ ಕತ್ತಲಲ್ಲಿ ಮಾಡಬೇಕು. ನಿಮ್ಮ ತಂದೆತಾಯಿಗೆ ಧಕ್ಕೆಯಿಂದ ಹತ್ತುವ ಮಾಲಾಯಾವೇ ಸರಿ, ಅದೂ ಗಾಳಿ ಏಳುವ ಮೊದಲು, ಬೆಳಿಗ್ಗೆ.

ಇನ್ನು ಆರು ಜನರ ಯಾಟ್. ಆ ಆರು ಎಂಬ ಸಂಖ್ಯೆ ಬಂದಿರುವುದು ಅಮೆರಿಕದ ಕಾನೂನಿನಿಂದ. ಹಣ ಕೊಟ್ಟು ಬರುವ ಪ್ರಯಾಣಿಕರು ಆರರೊಳಗಿದ್ದರೆ ಕೋಸ್ಟ್ ಗಾರ್ಡ್‌ನವರು ದೋಣಿಯನ್ನು ಕಾಲಕಾಲಕ್ಕೆ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಗೆ ಅದು ಒಳಪಡುವುದಿಲ್ಲ, ಕ್ಯಾಪ್ಟನ್‌ಗೆ ಪರವಾನಗಿ ಇದ್ದರೆ ಸಾಕು. ಆರಕ್ಕಿಂತ ಹೆಚ್ಚಿದ್ದರೆ ಪರೀಕ್ಷೆ ಕಡ್ಡಾಯ, ಪ್ರಮಾಣಪತ್ರವನ್ನು ದೋಣಿಯಲ್ಲಿ ಕಾಣುವಂತೆ ಹಾಕಿರಬೇಕು. ಸಣ್ಣ ಯಾಟ್‌ಗಳೆಲ್ಲ ಅಪಾಯಕಾರಿ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಕ್ಯಾಪ್ಟನ್‌ನ ಕೈಯಲ್ಲಿ ಅದರಷ್ಟು ಸೊಗಸಾದ ಪ್ರಯಾಣ ಇನ್ನೊಂದಿಲ್ಲ, ಎರಡೇ ಹೆಜ್ಜೆಗೆ ನೀರು ಕೈಗೆಟುಕುತ್ತದೆ, ಗದ್ದಲವಿಲ್ಲ. ಆದರೆ ಒಂಟಿ ಒಡಲಿನ ಸಣ್ಣ ದೋಣಿ ಪಕ್ಕಕ್ಕೆ ಹೊಯ್ದಾಡುತ್ತದೆ. ತಿಮಿಂಗಿಲ ಕಂಡು ಗೇರು ಬಿಡಿಸಿ ನಿಂತಾಗ ಅದು ತೆರೆಗೆ ಅಡ್ಡಲಾಗಿ ತಿರುಗಿಕೊಂಡು ತೊಟ್ಟಿಲಿನಂತೆ ತೂಗತೊಡಗುತ್ತದೆ. ಓಡುವ ದೋಣಿಯಲ್ಲಿ ಗಟ್ಟಿಯಾಗಿ ಕೂತಿದ್ದವರು ವಾಂತಿ ಮಾಡಿಕೊಳ್ಳುವುದು ಸಾಮಾನ್ಯವಾಗಿ ಆ ಹೊತ್ತಿನಲ್ಲೇ, ಎಲ್ಲರೂ ನೋಡಲು ಕಾದಿದ್ದ ಹೊತ್ತಿನಲ್ಲೇ. ಎರಡು ಒಡಲುಗಳನ್ನು ಜೋಡಿಸಿದ ಕ್ಯಾಟಮರಾನ್, ಅದರಲ್ಲೂ ನಲವತ್ತು ಐವತ್ತು ಜನ ಹಿಡಿಯುವಷ್ಟು ದೊಡ್ಡದು, ಇಷ್ಟು ತೂಗುವುದಿಲ್ಲ. ರಬ್ಬರಿನ ರಾಫ್ಟ್‌ನಲ್ಲಿ ತಂದೆತಾಯಿಯನ್ನು ಕೂರಿಸುವ ಯೋಚನೆಯಿದ್ದರೆ ಬಿಡಿ, ಪ್ರತಿ ತೆರೆಗೂ ಬೆನ್ನುಮೂಳೆಗೆ ಏಟು ಬೀಳುತ್ತದೆ.

ವಾಂತಿಯ ವಿಷಯದಲ್ಲಿ ನಮ್ಮ ಜನರಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಹೊಟ್ಟೆ ಖಾಲಿಯಿದ್ದರೆ ಒಳ್ಳೆಯದು ಎಂಬುದು ಒಂದು, ಮನಸ್ಸು ಗಟ್ಟಿ ಮಾಡಿಕೊಂಡರೆ ಬರುವುದಿಲ್ಲ ಎಂಬುದು ಇನ್ನೊಂದು. ಒಳಕಿವಿ ಮೈ ಅಲುಗುತ್ತಿದೆ ಎನ್ನುತ್ತದೆ, ಎದುರಿಗಿರುವ ಆಸನವನ್ನೋ ಫೋನನ್ನೋ ನೋಡುತ್ತಿರುವ ಕಣ್ಣು ಇಲ್ಲ ಎನ್ನುತ್ತದೆ. ಈ ಎರಡು ಸುದ್ದಿ ತಾಳೆಯಾಗದೆ ಮಿದುಳು ಗಲಿಬಿಲಿಗೊಳ್ಳುವುದರಿಂದ ವಾಕರಿಕೆ ಬರುತ್ತದೆ, ಮನೋಬಲಕ್ಕೂ ಅದಕ್ಕೂ ಸಂಬಂಧ ಕಡಿಮೆ. ಶಿರಾಡಿಯ ತಿರುವುಗಳಲ್ಲಿ ಆಗುವುದೂ ಇದೇ. ಕಡಲಿನಲ್ಲಿ ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಮದ್ದು ದಿಗಂತ. ದೂರದ ಆ ಗೆರೆಯನ್ನು ನೋಡುತ್ತಿದ್ದರೆ ಕಣ್ಣೂ ಕಿವಿಯೂ ಒಂದೇ ಮಾತು ಹೇಳುತ್ತವೆ. ಸೂರ್ಯಾಸ್ತದ ಪ್ರಯಾಣದಲ್ಲಿ ಮರಳುವ ಹೊತ್ತಿಗೆ ಆ ಗೆರೆಯೇ ಅಳಿಸಿಹೋಗಿರುತ್ತದೆ. ಹೋಗುವಾಗ ನಗುನಗುತ್ತಿದ್ದವರು ಬರುವಾಗ ಕತ್ತಲಲ್ಲಿ ಕಟಕಟೆ ಹಿಡಿದು ಬಗ್ಗಿರುವುದನ್ನು ನಾನು ಬಹಳ ಸಲ ನೋಡಿದ್ದೇನೆ. ನಿಮ್ಮ ತಾಯಿಯವರಿಗೆ ಸಂಜೆಯ ಪ್ರಯಾಣ ಬೇಡವೆನ್ನಲು ನನಗಿರುವ ದೊಡ್ಡ ಕಾರಣ ಇದೇ.

ಮಾತ್ರೆಯ ಬಗ್ಗೆ ಕೊನೆಯ ಮಾತು ಅವರ ವೈದ್ಯರದು. ಅಮೆರಿಕದಲ್ಲಿ ಚೀಟಿಯಿಲ್ಲದೆ ಸಿಗುವ ಮೆಕ್ಲಿಜಿನ್ ಆಗಲಿ, ಊರಿನಿಂದ ಬರುವಾಗ ಚೀಲದಲ್ಲಿ ತಂದಿರಬಹುದಾದ ಅವೋಮಿನ್ ಆಗಲಿ ವಾಕರಿಕೆ ಶುರುವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ, ಕನಿಷ್ಠ ಒಂದು ಗಂಟೆ ಮೊದಲೇ ತೆಗೆದುಕೊಂಡಿರಬೇಕು. ಎರಡೂ ಮಂಪರು ತರುತ್ತವೆ, ಅಲುಗುವ ದೋಣಿಯಲ್ಲಿ ಮಂಪರಿರುವ ಹಿರಿಯರು ಬೀಳುವ ಅಪಾಯ ಸಣ್ಣದಲ್ಲ. ಕಿವಿಯ ಹಿಂದೆ ಅಂಟಿಸುವ ಸ್ಕೋಪೊಲಮಿನ್ ಪಟ್ಟಿಯಂತೂ ಗ್ಲಾಕೋಮಾ, ಅಂದರೆ ಕಣ್ಣಿನೊಳಗಿನ ಒತ್ತಡದ ಕಾಯಿಲೆ, ಇರುವವರಿಗೆ ಅಪಾಯ ತರಬಲ್ಲದು, ಹಿರಿಯರಲ್ಲಿ ಗೊಂದಲ ಉಂಟುಮಾಡಬಲ್ಲದು. ಯಾರೋ ಕೊಟ್ಟರೆಂದು ಅಂಟಿಸಿಕೊಳ್ಳಬಾರದು. ಅದಕ್ಕಿಂತ ಮುಖ್ಯವಾದದ್ದು ಸಕ್ಕರೆ ಕಾಯಿಲೆ. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ತಿಂದದ್ದೆಲ್ಲ ವಾಂತಿಯಾದರೆ ರಕ್ತದ ಸಕ್ಕರೆ ಕುಸಿಯಬಹುದು. ಬೆವರು, ನಡುಕ, ಸುಸ್ತು ಇವೆಲ್ಲ ಕಡಲಕಾಯಿಲೆಯ ಲಕ್ಷಣಗಳೂ ಹೌದಾದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆ ದಿನದ ಮಾತ್ರೆ ಹೇಗೆ, ಯಾವಾಗ ಎಂದು ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಎರಡು ಇಡ್ಲಿಯಷ್ಟು ಹಗುರವಾದ, ಎಣ್ಣೆಯಿಲ್ಲದ ತಿಂಡಿ ತಿನ್ನಿಸಿ ಕರೆದೊಯ್ಯಿರಿ. ಗ್ಲುಕೋಸ್ ಮಾತ್ರೆಯೋ ಸಕ್ಕರೆಯ ಪೊಟ್ಟಣವೋ ನಿಮ್ಮ ಜೇಬಿನಲ್ಲೇ ಇರಲಿ, ದೋಣಿಯ ಒಳಕೋಣೆಯಲ್ಲಿಟ್ಟ ಚೀಲದಲ್ಲಿ ಬೇಡ. ಅವರನ್ನು ಕೆಳಗಿನ ಅಂತಸ್ತಿನಲ್ಲಿ, ಹಿಂಭಾಗದ ನಡುವೆ, ಗಾಳಿ ಆಡುವ ಕಡೆ ಕೂರಿಸಿ. ಮೇಲಂತಸ್ತಿನಿಂದ ಚೆನ್ನಾಗಿ ಕಾಣುತ್ತದೆಯೆಂದು ಏರಿಸಬೇಡಿ, ಎತ್ತರಕ್ಕೆ ಹೋದಷ್ಟೂ ತೂಗಾಟ ಹೆಚ್ಚು. ದುರ್ಬೀನು, ಫೋನು ಅವರ ಕೈಗೆ ಕೊಡಬೇಡಿ. ಶುಂಠಿ ಬೇಕಾದರೆ ಜಗಿಯಲಿ, ಕೆಲವರಿಗೆ ಅದರಿಂದ ಹಿತವೆನಿಸುತ್ತದೆ.

ಇಷ್ಟಾದ ಮೇಲೂ ಸೂರ್ಯಾಸ್ತದ ದೋಣಿಯೇ ಬೇಕೆಂದು ನಿಮ್ಮ ತಂದೆಯವರಿಗೆ ಆಸೆಯಿದ್ದರೆ, ಅವರನ್ನೂ ಮಗನನ್ನೂ ಕರೆದುಕೊಂಡು ನೀವು ಹೋಗಿಬನ್ನಿ, ತಾಯಿಯವರನ್ನು ದಡದಲ್ಲಿ ಬಿಟ್ಟು. ಎಲ್ಲರೂ ಒಟ್ಟಿಗಿರಬೇಕೆಂಬ ಹಟದಿಂದ ಒಬ್ಬರನ್ನು ಎರಡು ಗಂಟೆ ನರಳಿಸುವುದು ಹುಟ್ಟುಹಬ್ಬಕ್ಕೆ ಚೆಂದವಲ್ಲ. ಆಗಲೂ ದೋಣಿ ದೊಡ್ಡ ಕ್ಯಾಟಮರಾನ್ ಆಗಿರಲಿ, ಮಗನ ಅಳತೆಯ ಲೈಫ್ ಜಾಕೆಟ್ ಇದೆಯೇ ಎಂದು ಕೇಳಿ ಹತ್ತುವಾಗಲೇ ತೊಡಿಸಿಬಿಡಿ, ಎಲ್ಲರಿಗೂ ಸ್ವೆಟರ್ ಇರಲಿ. ನೀರಿನೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಇರುವ ದೋಣಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ವಿಶೇಷ ಸಲಹೆ. ಗಂಡು ಹಂಪ್‌ಬ್ಯಾಕ್‌ಗಳು ನೀರೊಳಗೆ ಗಂಟೆಗಟ್ಟಲೆ ಹಾಡುತ್ತವೆ. ಆ ಚಳಿಗಾಲದಲ್ಲಿ ಅಲ್ಲಿರುವ ಗಂಡುಗಳೆಲ್ಲ ಹೆಚ್ಚುಕಡಿಮೆ ಒಂದೇ ಹಾಡನ್ನು ಹಾಡುತ್ತವೆ, ವರ್ಷದಿಂದ ವರ್ಷಕ್ಕೆ ಅದು ಬದಲಾಗುತ್ತ ಹೋಗುತ್ತದೆ. ಪಶ್ಚಿಮ ಮಾವಿಯ ದಡದ ಸಮೀಪದಲ್ಲಿ ಈ ಮೇಳ ರಾತ್ರಿಯ ಹೊತ್ತು ಹಗಲಿಗಿಂತ ಜೋರಾಗಿರುತ್ತದೆ ಎಂದು ಧ್ವನಿಗ್ರಹಣದಿಂದ ಗೊತ್ತಾಗಿದೆ. ಕಣ್ಣಿಗೆ ಕಾಣುವುದು ಕಡಿಮೆಯಾಗುವ ಆ ಹೊತ್ತಿನಲ್ಲಿ ಕಿವಿಗೆ ಸಿಗುವುದು ಹೆಚ್ಚುತ್ತದೆ. ಸೂರ್ಯಾಸ್ತದ ಪ್ರಯಾಣದ ಪರವಾಗಿ ನಾನು ಮನಸಾರೆ ಹೇಳಬಹುದಾದ ಮಾತು ಇದು.

ನನ್ನನ್ನು ಕೇಳಿದರೆ, ನೀವು ತಲುಪಿದ ಮರುದಿನವೇ ಮಾಲಾಯಾದಿಂದ ಬೆಳಗಿನ ಮೊದಲ ಅಥವಾ ಎರಡನೆಯ ಪ್ರಯಾಣಕ್ಕೆ ಐವರೂ ದೊಡ್ಡ ಕ್ಯಾಟಮರಾನ್‌ನಲ್ಲಿ ಹೋಗಿ. ಮೊದಲೇ ಹೋದರೆ ಗಾಳಿಯ ಕಾರಣಕ್ಕೆ ರದ್ದಾದರೂ ಇನ್ನೊಂದು ದಿನ ಕೈಯಲ್ಲಿರುತ್ತದೆ. ಹಿಂದಿನ ಸಂಜೆ ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆಯ ಹೊನೊಲುಲು ಕಚೇರಿಯ ಕಡಲ ಮುನ್ಸೂಚನೆ ನೋಡಿ, ಮಾಲಾಯಾ ಕೊಲ್ಲಿಗೆ ಅದರಲ್ಲಿ ಪ್ರತ್ಯೇಕ ಸಾಲೇ ಇರುತ್ತದೆ. 25 ನಾಟ್ ಮುಟ್ಟುವ ಗಾಳಿಗೆ ಸಣ್ಣ ದೋಣಿಗಳಿಗೆ ಎಚ್ಚರಿಕೆ ಹೊರಡಿಸುತ್ತಾರೆ, ಅಂಥ ದಿನ ದೋಣಿಯವರು ಹೊರಡುತ್ತೇವೆಂದರೂ ತಾಯಿಯವರೊಂದಿಗೆ ನೀವು ಹೊರಡಬೇಡಿ.

ಹುಟ್ಟುಹಬ್ಬದ ಸಂಜೆಗೆ ದೋಣಿಯೇ ಬೇಕಾಗಿಲ್ಲ. ಮಾಲಾಯಾದಿಂದ ಲಹೈನಾ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಬಂದರಿಗೆ ಹತ್ತಿರದಲ್ಲೇ, ಪಾಪಾವಾಯ್ ಎಂಬ ಬಂಡೆಯ ಚಾಚು ಇದೆ, ಕಾರು ನಿಲ್ಲಿಸಲು ಜಾಗವೂ ಇದೆ. ಫೆಬ್ರವರಿಯಲ್ಲಿ ಅಲ್ಲಿ ನಿಂತವರಿಗೆ ತಿಮಿಂಗಿಲ ಕಾಣದಿರುವುದು ಅಪರೂಪ, ಮರಿಯಿರುವ ತಾಯಂದಿರು ದಡದ ಬದಿಯ ತಿಳಿನೀರನ್ನೇ ಹುಡುಕಿಕೊಂಡು ಬರುತ್ತವೆ. ಐದು ಗಂಟೆಗೆಲ್ಲ ಹೋಗಿ, ಗಾಳಿಗೆ ತಡೆಯುವ ಶಾಲು, ಒಂದು ದುರ್ಬೀನು, ತಿನ್ನಲು ಏನಾದರೂ ಒಯ್ಯಿರಿ. ಅಲುಗದ ನೆಲದ ಮೇಲೆ ತಾಯಿಯವರೂ ದುರ್ಬೀನು ಹಿಡಿಯಬಹುದು, ಅಲ್ಲಿಂದ ನೋಡುವುದರಿಂದ ಯಾವ ಬಾಣಂತಿಗೂ ತೊಂದರೆಯಿಲ್ಲ. ಮಗನ ಕೈಗೆ ಒಂದು ಗಡಿಯಾರ ಕೊಡಿ. ಸಣ್ಣ ಉಸಿರು ಎದ್ದ ಜಾಗವನ್ನು ಅವನು ಗುರುತಿಟ್ಟುಕೊಂಡು ನಿಮಿಷ ಎಣಿಸಲಿ, ಮೂರೋ ನಾಲ್ಕೋ ಐದೋ ಆಗುವಷ್ಟರಲ್ಲಿ ಮರಿ ಆಸುಪಾಸಿನಲ್ಲೇ ಮತ್ತೆ ಮೇಲೆ ಬರುತ್ತದೆ.